ಪ್ರತಿಕ್ರಿಯೆ: 'ಒಂಬತ್ತು ಹಾಡುಗಳು' ಪ್ರೇಮಗೀತೆಯೋ, ಪೂಜೆಯ ಹಾಡೋ?

ಪ್ರಾಚೀನ ಚೀನಾದ 'ಒಂಬತ್ತು ಹಾಡುಗಳು' ದೇವರ ಹಾಡಾದರೂ ಪ್ರೇಮಗೀತೆಯ ಹಾಗೆ ಯಾಕೆ ಕೇಳಿಸುತ್ತವೆ ಅಂತ ಕೇಳಿದ್ದೀರಿ. ಅಲ್ಲಿ ದೇವರನ್ನು ಕರೆಯುವುದೇ ಪ್ರಿಯರನ್ನು ಕರೆದ ಹಾಗೆ. ದಕ್ಷಿಣದ ಚೂ ನಾಡಿನಲ್ಲಿ 'ವೂ' ಎನ್ನುವವರು ಮೈಮೇಲೆ ದೇವರನ್ನು ಬರಿಸಿಕೊಳ್ಳುತ್ತಿದ್ದರು. ಪರಿಮಳದ ನೀರಲ್ಲಿ ಮಿಂದು, ಹೂವಿನಂಥ ಬಟ್ಟೆ ಉಟ್ಟು ಕಾಯುವ ಚಿತ್ರ ಹಾಡಿನಲ್ಲೇ ಇದೆ. ದೇವರು ಬಂದರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಶಿಯಾಂಗ್ ನದಿಯ ದೇವತೆಯ ಹಾಡು ಓದಿ. ದೋಣಿಯಲ್ಲಿ ಹುಡುಕಾಟ, ದೇವತೆಯ ಸುಳಿವಿಲ್ಲ. ಕೊನೆಗೆ ಜೇಡ್ ಆಭರಣವನ್ನು ನೀರಿಗೆ ಎಸೆಯುವುದು. ಪ್ರತಿ ಸಲ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ. ಅದು ವಿರಹವೂ ಹೌದು, ನದಿಗೆ ಕೊಟ್ಟ ಕಾಣಿಕೆಯೂ ಹೌದು, ಅಲ್ವಾ?

ಕವಿ ಚ್ಯು ಯುವಾನ್ ಜನರ ಪೂಜೆ ನೋಡಿ ಇವನ್ನು ಬರೆದ ಎನ್ನುವುದು 2ನೇ ಶತಮಾನದ ವ್ಯಾಖ್ಯಾನಕಾರ ವಾಂಗ್ ಯೀ ಮಾತು. ಅಂದ ಹಾಗೆ, ಹೆಸರಲ್ಲಿ ಒಂಬತ್ತಿದ್ದರೂ ಹಾಡುಗಳು 11.