ಮಗಳ ವೆಟರ್ನರಿ ಸೀಟು, ನಮ್ಮ ಸಹಿ

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಚಿಕ್ಕಂದಿನಿಂದ ಪಶುವೈದ್ಯೆ ಆಗುತ್ತೇನೆಂಬ ಹಟ, ಅದೂ ಹಸುಗಳ ಡಾಕ್ಟರೇ ಆಗಬೇಕಂತೆ. ಎರಡು ಬೇಸಿಗೆ ರಜೆಯಲ್ಲಿ ಡೈರಿ ಫಾರಂಗಳಿಗೆ ಹೋಗುವ ವೈದ್ಯರೊಬ್ಬರ ಜೊತೆ ಓಡಾಡಿ ಕೆಲಸ ಕಲಿತಿದ್ದಾಳೆ. ಈಗ ಎರಡು ಕಡೆ ಸೀಟು ಸಿಕ್ಕಿದೆ. ನಮ್ಮ ರಾಜ್ಯದ ಕಾಲೇಜಿಗೆ ಹೋದರೆ ಮನೆ ಬಾಡಿಗೆ, ಊಟ ಎಲ್ಲ ಸೇರಿ ವರ್ಷಕ್ಕೆ 40,000 ಡಾಲರ್ ಸಾಲ ಬೇಕು. ಹೊರರಾಜ್ಯದ ಹೆಸರುವಾಸಿ ಕಾಲೇಜಿಗಾದರೆ 80,000. ಅವಳ ಮನಸ್ಸೆಲ್ಲ ಎರಡನೆಯದರ ಮೇಲೆ. ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಅಷ್ಟು ಸಿಗುವುದಿಲ್ಲ, ಉಳಿದದ್ದಕ್ಕೆ ಖಾಸಗಿ ಸಾಲ ತೆಗೆದು ನಾವು ಜಾಮೀನಾಗಿ ಸಹಿ ಹಾಕಬೇಕು. ನಮ್ಮ ಯಜಮಾನರು ‘ಈ ಓದೇ ಬೇಡ’ ಎನ್ನುತ್ತಾರೆ. ಅಪ್ಪ-ಮಗಳ ನಡುವೆ ಮಾತು ನಿಂತುಹೋಗಿದೆ. ನಾನು ಯಾರ ಪರ ನಿಲ್ಲಲಿ?
– ಹೆಸರು ಬೇಡ

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮಗಳು ಪಶುವೈದ್ಯಕೀಯವನ್ನೇ ಓದಲಿ, ನಿಮ್ಮ ರಾಜ್ಯದ ಕಾಲೇಜಿನಲ್ಲೇ ಓದಲಿ. ಖಾಸಗಿ ಸಾಲಕ್ಕೆ ಮಾತ್ರ ನೀವಿಬ್ಬರೂ ಸಹಿ ಹಾಕಬೇಡಿ.

ಎರಡು ಬೇಸಿಗೆ ಕೊಟ್ಟಿಗೆಯಲ್ಲಿ ಕಳೆದು, ಸೆಗಣಿ-ಗಂಜಲದ ನಡುವೆ ನಿಂತು, ಕರು ಹಾಕಿಸುವುದನ್ನೂ ನೋಡಿ ಬಂದ ಮೇಲೂ ಅದೇ ಕೆಲಸ ಬೇಕೆನ್ನುವ ಹುಡುಗಿಯದು ಬರೀ ಆಸೆ ಎಂದು ತಳ್ಳಿಹಾಕಲಾಗದು. ಅವಳ ಅಪ್ಪನಿಗೆ ಇದನ್ನು ನೀವೇ ಹೇಳಬೇಕು. ಹಾಗೆಂದು ಅವರ ಭಯ ಸುಳ್ಳಲ್ಲ. ಲೆಕ್ಕ ಹಾಕಿ ನೋಡೋಣ.

2026ರ ಜುಲೈ 1ರಿಂದ ಅಮೆರಿಕದಲ್ಲಿ ನಿಯಮ ಬದಲಾಗಿದೆ. ವೆಟರ್ನರಿಯಂಥ ವೃತ್ತಿಪರ ಕೋರ್ಸಿಗೆ ಹೊಸದಾಗಿ ಸೇರುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರಿನ ಮಿತಿಯೊಳಗೆ ಸಿಗುತ್ತದೆ. ಮಿಕ್ಕದ್ದನ್ನು ತುಂಬಿಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲ ಹೊಸಬರಿಗೆ ಇಲ್ಲ. ಹಾಗಾಗಿ ಮೊದಲ ಕಾಲೇಜಿನ ಖರ್ಚು ಪೂರ್ತಿ ಫೆಡರಲ್ ಸಾಲದಲ್ಲೇ ಮುಗಿಯುತ್ತದೆ. ಎರಡನೆಯದಕ್ಕೆ ಪ್ರತಿ ವರ್ಷ 30,000 ಡಾಲರ್ ಖಾಸಗಿಯವರಿಂದ ತರಬೇಕು.

ಈ ಸಾಲಗಳಿಗೆ ಹಣ ಕೈಸೇರಿದ ದಿನದಿಂದಲೇ ಬಡ್ಡಿ ಓಡುತ್ತದೆ, ಓದು ಮುಗಿಯುವವರೆಗೆ ಕಾಯುವುದಿಲ್ಲ. ಲೆಕ್ಕಕ್ಕೆ ಬಡ್ಡಿ ಶೇ 8 ಎಂದಿಟ್ಟುಕೊಳ್ಳಿ. ನಾಲ್ಕು ವರ್ಷ ಮುಗಿಸುವ ಹೊತ್ತಿಗೆ ನಿಮ್ಮ ರಾಜ್ಯದ ಕಾಲೇಜಿನಲ್ಲಿ 1,60,000 ಅಸಲಿನ ಮೇಲೆ 32,000 ಬಡ್ಡಿ ಸೇರಿ 1,92,000 ಡಾಲರ್. ಇನ್ನೊಂದರಲ್ಲಿ ಇದರ ಎರಡರಷ್ಟು, 3,84,000. ಆಮೇಲೆ ಅದರ ಮೇಲೆ ದಿನವೊಂದಕ್ಕೆ 70 ಡಾಲರಿಗೂ ಹೆಚ್ಚು ಬಡ್ಡಿ ಬೆಳೆಯುತ್ತದೆ, ಭಾನುವಾರವೂ ಸೇರಿ.

ಇನ್ನು ತೀರಿಸುವ ವಿಚಾರ. ನಾಯಿ-ಬೆಕ್ಕುಗಳ ಆಸ್ಪತ್ರೆಯಲ್ಲಿ ಹೊಸ ಪಶುವೈದ್ಯರಿಗೆ ವರ್ಷಕ್ಕೆ 1,30,000 ಡಾಲರಿನ ಆಸುಪಾಸು ಸಂಬಳ ಸಿಗುತ್ತಿದೆ. ಹಸುಗಳ ಕೆಲಸದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಮಗಳಿಗೆ 1 ಲಕ್ಷ ಸಿಗುತ್ತದೆ ಎಂದುಕೊಂಡರೆ ತೆರಿಗೆ ಕಳೆದು ತಿಂಗಳಿಗೆ 6,000 ಚಿಲ್ಲರೆ ಕೈಗೆ ಬರುತ್ತದೆ. ಫೆಡರಲ್ ಸಾಲವನ್ನು ಆದಾಯಕ್ಕೆ ತಕ್ಕಂತೆ ಕಟ್ಟುವ ಹೊಸ ಯೋಜನೆ ಇದೆ, ರಿಪೇಮೆಂಟ್ ಅಸಿಸ್ಟೆನ್ಸ್ ಪ್ಲಾನ್ ಎಂದು. 1 ಲಕ್ಷ ಆದಾಯಕ್ಕೆ ಅದರ ದರ ಶೇ 9, ಅಂದರೆ ತಿಂಗಳಿಗೆ 750 ಡಾಲರ್. ಕಂತು ಕಟ್ಟಿಯೂ ಉಳಿಯುವ ಆ ತಿಂಗಳ ಬಡ್ಡಿ ಮನ್ನಾ ಆಗುತ್ತದೆ. 30 ವರ್ಷ ಕಟ್ಟಿದ ಮೇಲೂ ಬಾಕಿ ಇದ್ದರೆ ಅದೂ ಮನ್ನಾ.

ಖಾಸಗಿ ಸಾಲಕ್ಕೆ ಈ ದಾಕ್ಷಿಣ್ಯವಿಲ್ಲ. ಅವಳ ಪಾಲಿನ ಖಾಸಗಿ ಸಾಲ ಬಡ್ಡಿ ಸೇರಿ 1,44,000 ಆಗಿರುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 1,750 ಡಾಲರ್. ಸಂಬಳ ಕಡಿಮೆಯಾಯಿತು, ಮಗುವಾಯಿತು, ಹಸು ಒದ್ದು ಮಂಡಿ ಮುರಿಯಿತು (ಈ ಕೆಲಸದಲ್ಲಿ ಇದು ದೂರದ ಮಾತಲ್ಲ) ಎಂದರೂ ಕಂತು ಇಳಿಯುವುದಿಲ್ಲ. ಅವಳು ತಪ್ಪಿದ ದಿನ ಬ್ಯಾಂಕಿನವರು ಫೋನ್ ಮಾಡುವುದು ನಿಮಗೆ. ನಿವೃತ್ತಿಗೆ ಹತ್ತಿರವಿರುವಾಗ ಆ ಫೋನ್ ಬಂದರೆ ಅದನ್ನು ತುಂಬಿಕೊಳ್ಳಲು ನಿಮಗೆ ದುಡಿಮೆಯ ವರ್ಷಗಳು ಉಳಿದಿರುವುದಿಲ್ಲ. ಮನೆಯ ಮೇಲೆ ಸಾಲ ತೆಗೆಯೋಣ ಎಂಬ ಮಾತು ಬಂದರೆ ಅದಕ್ಕೂ ಒಪ್ಪಬೇಡಿ, ಅಲ್ಲಿ ಪಣಕ್ಕಿಡುವುದು ಸೂರನ್ನೇ.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಎರಡೂ ಸೇರಿ ತಿಂಗಳಿಗೆ 2,500 ಡಾಲರ್ ಕಂತು ಹೊತ್ತ ಹುಡುಗಿ ಹಸುಗಳ ಕೆಲಸದಲ್ಲಿ ಎಷ್ಟು ದಿನ ನಿಂತಾಳು? ಮೊದಲ ಅಡಚಣೆಗೇ ಪಟ್ಟಣಕ್ಕೆ ಬಂದು, ಹೆಚ್ಚು ಸಂಬಳ ಕೊಡುವ ರಾತ್ರಿಪಾಳಿಯ ತುರ್ತು ಆಸ್ಪತ್ರೆಯಲ್ಲಿ ನಾಯಿ-ಬೆಕ್ಕು ನೋಡಬೇಕಾಗುತ್ತದೆ. ಅದು ಒಳ್ಳೆಯ ಕೆಲಸವೇ, ಆದರೆ ಅವಳು ಕೇಳಿದ ಕೆಲಸ ಅದಲ್ಲ. ಯಾವ ಡಾಕ್ಟರ್ ಆಗಬೇಕೆಂದು ಅವಳ ಬದಲು ಸಾಲವೇ ತೀರ್ಮಾನಿಸಿಬಿಡುತ್ತದೆ. ಅವಳ ಜೊತೆ ಮಾತಾಡುವಾಗ ಈ ದಾರಿಯಿಂದ ಶುರುಮಾಡಿ. ‘ನಮ್ಮ ಕೈಲಾಗದು’ ಎಂದರೆ ಅವಳಿಗೆ ಕನಸು ಮುರಿದಂತೆ ಕೇಳಿಸುತ್ತದೆ. ‘ಹಸುಗಳ ಡಾಕ್ಟರಾಗಿ ಉಳಿಯಬೇಕಾದರೆ ಸಾಲ ಕಡಿಮೆ ಇರಬೇಕು’ ಎಂದರೆ ಕೂತು ಕೇಳುತ್ತಾಳೆ.

ಹೆಸರಿನ ಮಾತಿಗೆ ಬಂದರೆ, ಎವಿಎಂಎ (ಅಮೆರಿಕದ ಪಶುವೈದ್ಯರ ಸಂಘ) ಮಾನ್ಯತೆ ಇರುವ ಯಾವ ಕಾಲೇಜಿನಲ್ಲಿ ಓದಿದರೂ ಬರೆಯಬೇಕಾದ ಲೈಸೆನ್ಸ್ ಪರೀಕ್ಷೆ ಒಂದೇ, ನಾವ್ಲೆ. ಡೈರಿ ರೈತ ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ ಡಾಕ್ಟರನ್ನು ಕರೆಯುವುದಿಲ್ಲ. ಅವಳು ವಿಚಾರಿಸಬೇಕಾದದ್ದು ಬೇರೆ: ಕೊನೆಯ ವರ್ಷದಲ್ಲಿ ದನಗಳ ಮೇಲೆ ಸ್ವಂತ ಕೈಯಿಂದ ಕೆಲಸ ಮಾಡಲು ಎಷ್ಟು ವಾರ ಸಿಗುತ್ತದೆ, ಕಾಲೇಜಿನವರು ಸುತ್ತಲಿನ ಫಾರಂಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಾರೆಯೇ.

ಕಡಿಮೆ ಖರ್ಚಿನ ಸೀಟಿನಲ್ಲೂ ಹೊರೆ ಸಣ್ಣದಲ್ಲ ಎಂಬುದನ್ನು ಮುಚ್ಚಿಡಲಾರೆ. 2016ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಈ ಸಾಲದ ಬಗ್ಗೆಯೇ ಸಮಾವೇಶ ಸೇರಿದ ಪಶುವೈದ್ಯರು ಮತ್ತು ಕಾಲೇಜಿನವರು ಇಟ್ಟುಕೊಂಡ ಗುರಿ, ಸಾಲವು ಮೊದಲ ವರ್ಷದ ಸಂಬಳದ 1.4 ಪಟ್ಟು ಮೀರಬಾರದು ಎಂಬುದು. 1 ಲಕ್ಷ ಸಂಬಳಕ್ಕೆ 1,92,000 ಸಾಲ ಅದನ್ನೂ ಮೀರುತ್ತದೆ. ಹಾಗಾಗಿ ಸಹಿಯ ಬದಲು ನಿಮ್ಮ ಕೈಲಾದಷ್ಟು ನಗದು ಕೊಡಿ. ತಿಂಗಳಿಗೆ 500 ಡಾಲರ್ ಬಾಡಿಗೆಗೆ ಕಳಿಸಿದರೂ ನಾಲ್ಕು ವರ್ಷದಲ್ಲಿ 24,000 ಅಸಲು ತಪ್ಪುತ್ತದೆ, ಅದರ ಬಡ್ಡಿಯೂ ತಪ್ಪುತ್ತದೆ. ಅಮೆರಿಕದ ಕೃಷಿ ಇಲಾಖೆಯದೊಂದು ಯೋಜನೆಯೂ ಇದೆ. ಪಶುವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡುವ ಕರಾರಿಗೆ ಸಾಲದ ಒಂದು ಭಾಗ ತೀರಿಸುತ್ತಾರೆ. ಹಳ್ಳಿಗಾಡಿನಲ್ಲಿ ಹಸು ನೋಡುವವರಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗದು, ಅದನ್ನು ನಂಬಿ ಈಗಲೇ ಹೆಚ್ಚು ಸಾಲ ಮಾಡುವುದು ಬೇಡ.

ಏಪ್ರಿಲ್ 15ರೊಳಗೆ ಕಾಲೇಜುಗಳಿಗೆ ಉತ್ತರ ಕೊಡಬೇಕು. ಅದಕ್ಕೆ ಮೊದಲು ಮಗಳೇ ಹೊರರಾಜ್ಯದ ಕಾಲೇಜಿಗೆ ಬರೆದು ಎರಡು ವಿಷಯ ಕೇಳಲಿ: ಸ್ಕಾಲರ್‌ಶಿಪ್ ಹೆಚ್ಚಿಸುತ್ತೀರಾ, ಮೊದಲ ವರ್ಷದ ನಂತರ ತನ್ನನ್ನು ಆ ರಾಜ್ಯದ ನಿವಾಸಿ ಎಂದು ಪರಿಗಣಿಸಿ ಶುಲ್ಕ ಇಳಿಸುತ್ತೀರಾ ಎಂದು. ಕೆಲವು ಕಡೆ ಇದಕ್ಕೆ ಅವಕಾಶವಿದೆ. ಉತ್ತರ ಬರಹದಲ್ಲೇ ಬರಲಿ. ಖಾಸಗಿ ಸಾಲ ಬೇಡವಾಗುವಷ್ಟು ಖರ್ಚು ಇಳಿದರೆ ನನ್ನ ಅಭಿಪ್ರಾಯವನ್ನೂ ಬದಲಿಸುತ್ತೇನೆ. ವಿನ್ ಫೌಂಡೇಶನ್ ಪಶುವೈದ್ಯ ವಿದ್ಯಾರ್ಥಿಗಳಿಗೆಂದೇ ಸಾಲ ಮರುಪಾವತಿ ಲೆಕ್ಕ ಹಾಕುವ ಸಾಧನವನ್ನು ಉಚಿತವಾಗಿ ಇಟ್ಟಿದೆ. ಅದರಲ್ಲಿ ಅಪ್ಪ-ಮಗಳು ಇಬ್ಬರೂ ಪಕ್ಕದಲ್ಲಿ ಕೂತು ಅಂಕಿ ತುಂಬಲಿ. ನೀವು ಯಾರ ಪರವೂ ನಿಲ್ಲಬೇಕಿಲ್ಲ, ಅವರಿಬ್ಬರನ್ನು ಒಂದು ಮೇಜಿಗೆ ತಂದರೆ ಸಾಕು.