ಮೊಡವೆ ಬ್ಯಾಕ್ಟೀರಿಯಾಗೆ ಬೇವಿನ ಕಷಾಯದಿಂದ ಫೇಸ್ ವಾಶ್ ಮಾಡಿ ಹಾಸನದಲ್ಲಿ ಮಾರಬಹುದೇ?

ಅರಸೀಕೆರೆ ಕಡೆ ಬೇವಿಗೆ ಬರವಿಲ್ಲ ನಿಜ, ಆದರೆ ಕಷಾಯ ಬೇಡ. ಎರಡು ಮೂರು ದಿನಕ್ಕೇ ಹುಳಿ ವಾಸನೆ ಬರುತ್ತೆ, ಮೇಲೆ ಬೂಷ್ಟು ಕಟ್ಟುತ್ತೆ. ಗ್ಲಿಸರಿನ್‌ನಲ್ಲಿ ತೆಗೆದ ಬೇವಿನ ಸಾರ ಕೊಳ್ಳಿ. ಅಂಟುವಾಳದ ನೊರೆಯೂ ಬೇಡ, ಕಣ್ಣಿಗೆ ಹೋದರೆ ವಿಪರೀತ ಉರಿ.

100 ಗ್ರಾಂಗೆ: ಡಿಸ್ಟಿಲ್ಡ್ ವಾಟರ್ ಸುಮಾರು 66, ಡೆಸಿಲ್ ಗ್ಲುಕೋಸೈಡ್ (ನೊರೆ ಕೊಟ್ಟು ಜಿಡ್ಡು ತೆಗೆಯುವ ವಸ್ತು) 25, ಗ್ಲಿಸರಿನ್ 5, ಬೇವಿನ ಸಾರ 2, ಕ್ಸಾಂಥನ್ ಗಮ್ (ಗಟ್ಟಿ ಮಾಡುವ ಅಂಟು) 0.8, ಸೋಡಿಯಂ ಬೆಂಜೊಯೇಟ್ (ಕೆಡದಂತೆ ಕಾಯುವ ವಸ್ತು) 0.5, ಟೀ ಟ್ರೀ ಎಣ್ಣೆ 0.3.

ಗಮ್ಮನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ, ಎಷ್ಟು ಕದಡಿದರೂ ಕರಗಲ್ಲ. ಬೆಂಜೊಯೇಟ್ ನೀರಿನಲ್ಲಿ ಕರಗಲಿ. ಟೀ ಟ್ರೀ ಎಣ್ಣೆಯನ್ನು ಗ್ಲುಕೋಸೈಡ್‌ಗೆ ಬೆರೆಸಿ ಸೇರಿಸಿ, ಇಲ್ಲದಿದ್ದರೆ ಮೇಲೆ ತೇಲಿ ಚರ್ಮ ಸುಡುತ್ತೆ. ಇಷ್ಟಾದಾಗ ಪಿಎಚ್ (ಆಮ್ಲ-ಕ್ಷಾರದ ಅಳತೆ) 10ರ ಮೇಲಿರುತ್ತೆ. ಸಿಟ್ರಿಕ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಹಾಕಿ 4.8ಕ್ಕೆ ತನ್ನಿ. ಒಮ್ಮೆಲೇ ಸುರಿದರೆ ಬಿಳಿ ಹರಳು ಬೀಳುತ್ತೆ. 5 ದಾಟಿದರೆ ಬೆಂಜೊಯೇಟ್ ಹಾಕಿದ್ದೂ ದಂಡ.

ಇಷ್ಟೆಲ್ಲ ಮಾಡಿದರೂ ಬ್ಯಾಕ್ಟೀರಿಯಾ ಸಾಯುತ್ತೆ ಅಂತ ಲೇಬಲ್ ಮೇಲೆ ಬರೆಯಬೇಡಿ. ಮೊಡವೆಯ ಬ್ಯಾಕ್ಟೀರಿಯಾ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಇರೋದು ಚರ್ಮದ ರಂಧ್ರದೊಳಗೆ, ಎಣ್ಣೆ ಗ್ರಂಥಿಯ ಹತ್ತಿರ. ಒಂದು ನಿಮಿಷದಲ್ಲಿ ತೊಳೆದು ಹೋಗುವ ನೊರೆ ಅಲ್ಲಿವರೆಗೆ ಇಳಿಯಲ್ಲ. ಇದು ಜಿಡ್ಡು ತೆಗೆಯುತ್ತೆ, ಸೋಪಿನಷ್ಟು ಚರ್ಮ ಒಣಗಿಸಲ್ಲ, ಅಷ್ಟೇ. ಮೇಲಾಗಿ ಅಂಥ ಮಾತು ಬರೆದರೆ ಅದು ಔಷಧಿಯ ಲೆಕ್ಕಕ್ಕೆ ಬರುತ್ತೆ. ಬರೀ ಸೌಂದರ್ಯವರ್ಧಕ ಅಂತ ಮಾರೋದಕ್ಕೂ 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ತಯಾರಿಕಾ ಲೈಸೆನ್ಸ್ ಬೇಕು.