ಅಪ್ಪನಿಗೆ ಹೆಚ್ಚು ದಿನ ಇಲ್ಲ ಅಂದಿದ್ದಾರೆ. ನಮ್ಮ ಲಿಂಗಾಯತರ ಕ್ರಮದಲ್ಲಿ ಏನೇನು ಗೊತ್ತಿರಬೇಕು?

ಬೆಂಗಳೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ, ಊರು ದಾವಣಗೆರೆ ಸೀಮೆ, ನೀವು ಬೆಳೆದದ್ದೆಲ್ಲ ಹೊರಗೆ, ಯಾರನ್ನಾದರೂ ಕೇಳೋಣ ಅಂದರೆ ಅಪಶಕುನ ಅಂತ ಅಮ್ಮ ಬೈಯುತ್ತಾರೆ. ನಿಮ್ಮ ಪ್ರಶ್ನೆಯ ಸಾರ ಇಷ್ಟು. ನಾನು ಐನೋರಲ್ಲ, ಅಂದರೆ ಕ್ರಿಯೆ ಮಾಡಿಸುವ ಜಂಗಮನಲ್ಲ. ದಾವಣಗೆರೆ ಪಕ್ಕದ ಹಳ್ಳಿಯವನು, ಅಪ್ಪನದು ಅವ್ವನದು ಎರಡೂ ಮಣ್ಣು ಮುಂದೆ ನಿಂತು ಮಾಡಿಸಿದವನು, ಎರಡರಲ್ಲೂ ಒಂದೊಂದು ಎಡವಟ್ಟು ಮಾಡಿಕೊಂಡವನು. ಆ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು, ಜೀವ ಇರುವಾಗಲೇ ಊರಿಗೆ ಕರೆದುಕೊಂಡು ಬನ್ನಿ. ಹುಟ್ಟಿದ ಮಣ್ಣು, ಋಣ, ಆ ಮಾತೆಲ್ಲ ಪಕ್ಕಕ್ಕಿರಲಿ. ನಮ್ಮಲ್ಲಿ ಸುಡುವುದಿಲ್ಲ, ಕುಂದ್ರಿಸಿ ಮಣ್ಣು ಮಾಡುತ್ತಾರೆ. ಚಕ್ಕಳಬಕ್ಕಳ ಹಾಕಿಸಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತ ಹಾಗೆ. ಉಸಿರು ನಿಂತ ಎರಡು ನಾಲ್ಕು ತಾಸಿನಲ್ಲಿ ದವಡೆ, ಕುತ್ತಿಗೆಯಿಂದ ಮೈ ಬಿಗಿಯೋಕೆ ಶುರುವಾಗುತ್ತದೆ, ಸುಮಾರು 12 ತಾಸಿಗೆ ಪೂರ್ತಿ ಸೆಟೆದುಕೊಳ್ಳುತ್ತದೆ. ಆಮೇಲೆ ಅದು ಸಡಿಲವಾಗುವ ಹೊತ್ತಿಗೆ ಮತ್ತೊಂದು ದಿನವೇ ಕಳೆದಿರುತ್ತದೆ. ಹಾಗಾಗಿ ಕುಂದ್ರಿಸುವುದಿದ್ದರೆ ಮೊದಲ ಒಂದೆರಡು ತಾಸಿನಲ್ಲೇ ಆಗಬೇಕು. ಅದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನೀವು ಕೇಳದಿದ್ದರೂ ಊರವರೇ ಬಂದು ಮಾಡುತ್ತಾರೆ.

ನಮ್ಮಪ್ಪ ತೀರಿಕೊಂಡದ್ದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ರಾತ್ರಿ. ಬಿಲ್ಲು, ಕಾಗದ ಮುಗಿಯುವಷ್ಟರಲ್ಲಿ ಬೆಳಗಾಯಿತು. ಅಲ್ಲಿಂದ ಸುಮಾರು 260 ಕಿಲೋಮೀಟರ್ ಆಂಬುಲೆನ್ಸಿನಲ್ಲಿ. ಊರು ಮುಟ್ಟಿದಾಗ ಮಧ್ಯಾಹ್ನ, ಅಪ್ಪ ಮಲಗಿದ ಭಂಗಿಯಲ್ಲೇ ಮರದ ಹಾಗೆ ಆಗಿದ್ದರು. ಅಂಗಳದಲ್ಲಿ ವಿಮಾನ ಕಟ್ಟಿ ಬಾಳೆಕಂಬ, ಹೂವು ಎಲ್ಲ ಸಿಂಗರಿಸಿ ಕಾಯುತ್ತಿದ್ದಾರೆ. ವಿಮಾನ ಅಂದರೆ ಕೂತವರನ್ನು ಹೊತ್ತೊಯ್ಯುವ ಮಂಟಪ, ಮಲಗಿಸುವ ಚಟ್ಟ ಅಲ್ಲ. ದೊಡ್ಡಪ್ಪ ಒಬ್ಬರು, 'ನಾಕು ಮಂದಿ ಹಿಡೀರಿ, ಕಾಲು ಮಡಚೋಣ' ಅಂದರು. ಅದಕ್ಕೆ ಏನೇನು ಮಾಡಬೇಕಾಗುತ್ತೆ ಅಂತ ಇನ್ನೊಬ್ಬರು ಪಿಸುಗುಟ್ಟಿದ್ದು ಅವ್ವನ ಕಿವಿಗೂ ಬಿತ್ತು. ನಾನು ಬೇಡ ಅಂದೆ, ಅವರು ಹಂಗೆಂಗೆ ಆಗ್ತದೆ ಅಂದರು, ಅಪ್ಪನ ಎದುರಿಗೇ ಜಗಳ. ಕೊನೆಗೆ ವಯಸ್ಸಾದ ಐನೋರು ಒಳಗೆ ಬಂದು ನೋಡಿ, 'ಮಲಗಿಸೇ ಮಾಡ್ರಿ, ಲಿಂಗ ಕೈಯಾಗ ಇರಲಿ, ಸಾಕು' ಅಂದರು. ದೊಡ್ಡಪ್ಪ ಸುಮ್ಮನಾದರು. ನಿಮಗೂ ಹಾಗೇ ಆದರೆ ಯಾರಾದರೂ ಒತ್ತಾಯ ಮಾಡಿದಾಗ ಬೇಡ ಅನ್ನಿ. ಮಲಗಿಸಿ ಮಣ್ಣು ಮಾಡಿದ್ದಕ್ಕೆ ಯಾವ ದೋಷವೂ ಅಂಟುವುದಿಲ್ಲ.

ಅಮೆರಿಕದಿಂದ ತಮ್ಮ ಬರಬೇಕು, ಫ್ರೀಜರ್ ಪೆಟ್ಟಿಗೆಯಲ್ಲಿ ಇಡೋಣ ಅಂತ ಯಾರಾದರೂ ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಆ ಪೆಟ್ಟಿಗೆಯಲ್ಲಿ ಮಲಗಿಸಲೇಬೇಕು. ಕುಂದ್ರಿಸುವುದೋ ಕಾಯುವುದೋ, ಎರಡರಲ್ಲಿ ಒಂದು. ಅದನ್ನು ಈಗಲೇ ಮನೆಯವರೆಲ್ಲ ಕೂತು ತೀರ್ಮಾನಿಸಿಕೊಳ್ಳಿ.

ಇನ್ನು ಈಗಿನ ದಿನಗಳ ಮಾತು. ಪರಿಸ್ಥಿತಿ ಬಿಗಡಾಯಿಸಿತು ಅನ್ನಿಸಿದಾಗ ಐನೋರನ್ನು ಕರೆಸಿ ವಿಭೂತಿ ವೀಳ್ಯ ಮಾಡಿಸುವ ಪದ್ಧತಿ ಇದೆ. ಮೈ ಒರೆಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗಪೂಜೆ ಮಾಡಿಸಿ, ಪಾದೋದಕ ಅಂದರೆ ಪಾದ ತೊಳೆದ ತೀರ್ಥ ಕೊಟ್ಟು, ಬಂದ ಜಂಗಮರಿಗೆ ವಿಭೂತಿ, ವೀಳ್ಯ, ದಕ್ಷಿಣೆ ಕೊಡಿಸುತ್ತಾರೆ. ಪ್ರಜ್ಞೆ ಇರುವಾಗ ಮಾಡಿಸಿದರೆ ಅಪ್ಪನಿಗೂ ತಿಳಿಯುತ್ತದೆ. ಹೆದರಿಸಿದ ಹಾಗಾಗುತ್ತದೆ ಅಂತ ಮುಂದೂಡುವವರೇ ಹೆಚ್ಚು. ನಮ್ಮವ್ವ ಮಾತ್ರ ತಾನೇ ಕೇಳಿ ಮಾಡಿಸಿಕೊಂಡಳು, ಆಮೇಲೆ ಎರಡು ದಿನ ಹಗುರಾಗಿದ್ದಳು. ಒಂದು ಎಚ್ಚರ: ನುಂಗಲು ಆಗದವರ ಬಾಯಿಗೆ ಪಾದೋದಕವನ್ನಾಗಲಿ ಹಾಲನ್ನಾಗಲಿ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಿಯಲ್ಲಿ ಅದ್ದಿ ತುಟಿಗೆ ಸವರಿದರೆ ಸಾಕು.

ಉಸಿರು ನಿಂತ ಮೇಲೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕುಂದ್ರಿಸುತ್ತಾರೆ. ಬೆನ್ನಿಗೆ ಹಲಗೆ ಕೊಟ್ಟು ಎದೆ, ಹಣೆಗೆ ಮೆತ್ತನೆಯ ಬಟ್ಟೆ ಕಟ್ಟುತ್ತಾರೆ. ಗಲ್ಲಕ್ಕೂ ಒಂದು ಕಟ್ಟು, ಬಾಯಿ ತೆರೆದುಕೊಳ್ಳದ ಹಾಗೆ. ಕಣ್ಣು ದಾನ ಮಾಡುವ ಮನಸ್ಸಿದ್ದರೆ ಆರು ತಾಸಿನೊಳಗೆ ಆಗಬೇಕು, ನೇತ್ರ ಬ್ಯಾಂಕಿನ ನಂಬರು ಮೊದಲೇ ಬರೆದಿಟ್ಟುಕೊಳ್ಳಿ. ಕೂತಿದ್ದರೂ ತೆಗೆಯಲು ಬರುತ್ತದೆ, ಮುಖವೂ ಕೆಡುವುದಿಲ್ಲ. ಸಂಜೆ ಆದರೆ ಭಜನೆಯವರು ಬರುತ್ತಾರೆ, ಬೆಳತನಕ ತತ್ವಪದ ಹಾಡುತ್ತಾರೆ. ಅವರಿಗೆ ಚಹಾ, ಮಂಡಕ್ಕಿ ಕೊಡುತ್ತಿರಿ. ಮಂಡಕ್ಕಿ ಹೆಚ್ಚಿಗೆ ತರಿಸಿ, ಮೆರವಣಿಗೆಯ ದಾರಿಯುದ್ದಕ್ಕೂ ಚಿಲ್ಲರೆ ಜೊತೆ ಎರಚುವುದಕ್ಕೂ ಅದೇ ಬೇಕು. ಮಂಡಕ್ಕಿ ಭಟ್ಟಿಗಳ ಊರು ದಾವಣಗೆರೆ ಪಕ್ಕದಲ್ಲೇ ಇದೆಯಲ್ಲ, ಅದಕ್ಕೇನು ಬರ.

ಕುಣಿ ವಿಷಯ ಮೊದಲೇ ಯೋಚಿಸಿ. ಸ್ವಂತ ಹೊಲವೋ ರುದ್ರಭೂಮಿಯೋ? ಕುಂದ್ರಿಸುವ ಕುಣಿ ಆಳವಾಗಿರಬೇಕು. ಹಳೇ ಲೆಕ್ಕ ಒಂಬತ್ತು ಪಾದ. ಇಳಿಯಲು ಮೆಟ್ಟಿಲು, ಒಂದು ಗೋಡೆಗೆ ಗೂಡು. ಆ ಗೂಡಿನೊಳಗೆ ಕುಂದ್ರಿಸುತ್ತಾರೆ, ಮಣ್ಣು ನೇರ ತಲೆ ಮೇಲೆ ಬೀಳುವುದಿಲ್ಲ. ನಿಮ್ಮ ಹೊಲ ಭದ್ರಾ ನಾಲೆಯ ಕೆಳಗಿದ್ದರೆ, ನೀರು ಬಿಟ್ಟ ಕಾಲದಲ್ಲಿ ತೋಡುತ್ತಿದ್ದ ಹಾಗೇ ನೀರು ಜಿನುಗುತ್ತದೆ. ಎತ್ತರದ ಜಾಗ ನೋಡಿ. ಚಿತ್ರದುರ್ಗದ ಕಡೆ ನಮ್ಮ ಬೀಗರದು ಉಲ್ಟಾ ಕಷ್ಟ, ಎರಡಡಿಗೇ ಕಲ್ಲು. ಜೆಸಿಬಿ ಕರೆಸಿದರು, ಗೂಡು ಮಾತ್ರ ಹಾರೆ ಹಿಡಿದು ಕೈಯಲ್ಲೇ ಕೊರೆದರು. ಕಲ್ಲುಪ್ಪು, ವಿಭೂತಿ, ಬಿಲ್ವಪತ್ರೆ, ಕರ್ಪೂರ ಬೇಕು. ನಮ್ಮವ್ವನಿಗೆ ಎರಡು ಮೂಟೆ ಉಪ್ಪು ಹಿಡಿಸಿತು. ಕುಣಿಯಲ್ಲಿ ಐನೋರು ಮಂತ್ರ ಹೇಳಿ ನೆತ್ತಿಯ ಮೇಲೆ ಪಾದ ಇಡುತ್ತಾರೆ. ನೋಡಿ ಗೊತ್ತಿಲ್ಲದವರಿಗೆ ಎದೆ ಝಲ್ಲೆನ್ನುತ್ತದೆ, ನಿಮ್ಮ ಮಕ್ಕಳಿಗೆ ಮೊದಲೇ ಹೇಳಿಡಿ. ಕೆಲವು ಮಠದ ಭಕ್ತರಲ್ಲಿ ಇದೆಲ್ಲ ಸರಳ, ವಚನ ಹೇಳಿ ಮುಗಿಸುತ್ತಾರೆ. ನಿಮ್ಮ ಮನೆ ಯಾವ ಮಠದ್ದು ಅಂತ ಅಪ್ಪನನ್ನೇ ಕೇಳಿ.

ಸೂತಕದ ಬಗ್ಗೆಯೂ ಒಂದು ಮಾತು. ಜನನ, ಮರಣ, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕ ಲಿಂಗವಂತರಿಗೆ ಇಲ್ಲ. ಆದರೂ ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡುತ್ತಾರೆ, ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೋಗುತ್ತಾರೆ. ಮಾಡಲಿ, ತೊಂದರೆ ಇಲ್ಲ. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಜಾತಿ ಸೂತಕ ಇಲ್ಲ ಅಂತ ಭಾಷಣ ಮಾಡಿದವರೇ ಕುಣಿ ತೋಡಿದವರಿಗೆ ಹಿತ್ತಲಲ್ಲಿ ಎಲೆ ಹಾಕಿಸಿದರು. ಅವ್ವನ ಸಲ ನಾನು ಅವರ ಜೊತೆ ಪಡಸಾಲೆಯಲ್ಲೇ ಕೂತು ಉಂಡೆ, ಇಬ್ಬರು ಸಂಬಂಧಿಕರು ಎದ್ದು ಹೋದರು.

ಅಮ್ಮನ ವಿಷಯ ಮರೆಯಬೇಡಿ. ಅಪ್ಪ ಹೋದ ದಿನ ಅವ್ವನ ಬಳೆ ಒಡೆಯಲು, ಕುಂಕುಮ ಅಳಿಸಲು ಹೆಂಗಸರು ಬಂದರು. ನಮ್ಮಕ್ಕ ಬಾಗಿಲಿಗೆ ಅಡ್ಡ ನಿಂತಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬರನ್ನು ಈಗಲೇ ಗೊತ್ತು ಮಾಡಿಡಿ, ಆ ಗಳಿಗೆಯಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಮೂರನೇ ದಿನ ಸಮಾಧಿಗೆ ಹಾಲು ತುಪ್ಪ, ಆಮೇಲೆ ಅನುಕೂಲ ನೋಡಿ ಶಿವಗಣಾರಾಧನೆ, ಅಂದರೆ ಹೋದವರ ಹೆಸರಲ್ಲಿ ಪೂಜೆ, ಊಟ. ಮರಣ ಪ್ರಮಾಣಪತ್ರಕ್ಕೆ 21 ದಿನದೊಳಗೆ ನೋಂದಾಯಿಸಿ. ಆಸ್ಪತ್ರೆಯಾದರೆ ಅವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಮನೆಯವರೇ ಹೋಗಿ ತಿಳಿಸಬೇಕು. ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣ ಬರೆಸಿಕೊಳ್ಳಿ.

ಕೊನೆಯದಾಗಿ, ಅಪ್ಪನ ಲಿಂಗ ಎಲ್ಲಿದೆ ಅಂತ ಇವತ್ತೇ ನೋಡಿ. ಅವ್ವನ ಸಲ ನಾನು ಮಾಡಿದ ಎಡವಟ್ಟು ಇದೇ. ಸ್ಕ್ಯಾನಿಂಗಿಗೆ ಅಂತ ಲಿಂಗ ಇಡುವ ಕರಡಿಗೆ ಬಿಚ್ಚಿಸಿದ್ದರು, ಅದು ಬೆಳ್ಳಿಯದು, ಕಳೆದುಹೋದೀತು ಅಂತ ಲಿಂಗದ ಸಮೇತ ಬ್ಯಾಂಕ್ ಲಾಕರಿನಲ್ಲಿಟ್ಟು ಮರೆತಿದ್ದೆ. ಅವ್ವ ಹೋದದ್ದು ಭಾನುವಾರ. ಅವಳಿಗೆ ವಿಭೂತಿ ವೀಳ್ಯ ಮಾಡಿಸಿದ್ದು ಐನೋರು ತಂದ ಬೇರೆ ಲಿಂಗದಲ್ಲಿ, ಕೈಯಲ್ಲಿ ಹೋದದ್ದೂ ಅದೇ. ಐವತ್ತು ವರ್ಷ ಅವಳು ಪೂಜೆ ಮಾಡಿದ್ದು ಈಗಲೂ ಲಾಕರಿನಲ್ಲೇ ಇದೆ. ತರುವುದಕ್ಕೆ ಮನಸ್ಸಾಗಿಲ್ಲ.